ಗುಮ್ಮಳಾಪುರದ ‘ಳ’ ಎಲ್ಲಿ ಹೋಯ್ತು?

ಗುಮ್ಮಳಾಪುರ: ಈ ಊರಿನ ಹೆಸರು ಹೇಳಬೇಕಾದರೆ ನಾಲಿಗೆ ಒಮ್ಮೆ ಮೇಲಕ್ಕೆ ಮಡಚಲೇಬೇಕು. ಮಡಚದಿದ್ದರೆ ಅದು ನಮ್ಮೂರಲ್ಲ, ಬೇರೆ ಯಾವುದೋ ಊರು. ಅಜ್ಜಿಯರಿಂದ ಹಿಡಿದು ಬಾಲವಾಡಿ ಮಕ್ಕಳವರೆಗೆ ಇಲ್ಲಿ ಯಾರಿಗೂ ಈ ‘ಳ’ ಅಕ್ಷರ ತೊಂದರೆ ಕೊಟ್ಟಿಲ್ಲ. ತೊಂದರೆ ಶುರುವಾಗುವುದು ಕಂಪ್ಯೂಟರ್ ಮುಂದೆ ಕುಳಿತಾಗ!

ಕೃಷ್ಣಗಿರಿ ಜಿಲ್ಲೆಯ ಡೆಂಕಣಿಕೋಟೆ ತಾಲ್ಲೂಕಿಗೆ, ತಳಿ ಒಕ್ಕೂಟಕ್ಕೆ ಸೇರಿದ ಗುಮ್ಮಳಾಪುರ ಕನ್ನಡ ಸಾಹಿತ್ಯಕ್ಕೆ ಹೊಸದೇನಲ್ಲ. ಶೂನ್ಯಸಂಪಾದನೆಯನ್ನು ಸಂಕಲಿಸಿದ ನಾಲ್ವರಲ್ಲಿ ಒಬ್ಬರು ಗುಮ್ಮಳಾಪುರದ ಸಿದ್ಧಲಿಂಗಯತಿಗಳು. ಕನ್ನಡ ಎಂ.ಎ. ಓದುವ ಮಕ್ಕಳು ಧಾರವಾಡದಲ್ಲಿ ಕುಳಿತು ಬಾಯಿಪಾಠ ಮಾಡುವ ಹೆಸರಿದು. ಅತ್ತ ಇಂಗ್ಲಿಷ್ ಓದುಗರಿಗೂ ಊರು ಗೊತ್ತು. ಬೇಟೆಗಾರ ಕೆನೆತ್ ಆಂಡರ್ಸನ್ 1954ರಲ್ಲಿ ಪ್ರಕಟಿಸಿದ ತನ್ನ ಮೊದಲ ಪುಸ್ತಕದಲ್ಲಿ ಇಲ್ಲಿನ ನರಭಕ್ಷಕ ಚಿರತೆಯ ಕಥೆ ಬರೆದ. ಆದರೆ ಆತ ಬರೆದದ್ದು ‘ಗುಮ್ಮಲಪುರ್’. ‘ಳಾ’ ಹೋಗಿ ‘ಲ’ ಆಯಿತು, ಕೊನೆಯ ‘ಅ’ ಕೂಡ ಉದುರಿತು. ಪಾಪ, ಆತನದೇನೂ ತಪ್ಪಿಲ್ಲ. ಇಂಗ್ಲಿಷಿನ 26 ಅಕ್ಷರಗಳಲ್ಲಿ ‘ಳ’ ಇಲ್ಲವೇ ಇಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಇಂಗ್ಲಿಷಿನಲ್ಲಿ ‘ಗ’ ಉಳಿಯುತ್ತೆ, ‘ಳ’ ಹೋಗುತ್ತೆ. ತಮಿಳಿನಲ್ಲಿ ಬರೆದರೆ ‘ಳ’ ಭದ್ರವಾಗಿರುತ್ತೆ, ‘ಗ’ ಹೋಗುತ್ತೆ. ಯಾಕೆಂದರೆ ನಮ್ಮ ಕ, ಖ, ಗ, ಘ ನಾಲ್ಕಕ್ಕೂ ತಮಿಳಿನಲ್ಲಿ ಒಂದೇ ಅಕ್ಷರ. ಓದುವವನು ಮಾತು ಬಲ್ಲವನಾದರೆ ಎಲ್ಲಿ ‘ಕ’ ಎಲ್ಲಿ ‘ಗ’ ಎಂದು ತಾನೇ ತಿಳಿದು ಓದಿಕೊಳ್ಳುತ್ತಾನೆ. ಯಂತ್ರಕ್ಕೆ ಆ ತಿಳಿವಳಿಕೆ ಎಲ್ಲಿಂದ ಬರಬೇಕು? ಹಾಗಾಗಿ ಇಂಗ್ಲಿಷಿನಿಂದ ಕನ್ನಡಕ್ಕೆ ವಾಪಸ್ ಬಂದರೆ ನಮ್ಮೂರು ‘ಗುಮ್ಮಲಪುರ’, ತಮಿಳಿನಿಂದ ವಾಪಸ್ ಬಂದರೆ ‘ಕುಮ್ಮಳಾಪುರಂ’. ನಮ್ಮ ಜಿಲ್ಲೆಯ ಗತಿ ಇನ್ನೂ ಮಜವಾಗಿದೆ. ಕೃಷ್ಣಗಿರಿ ತಮಿಳಿಗೆ ಹೋಗಿ ಅಕ್ಷರಕ್ಕೆ ಅಕ್ಷರ ವಾಪಸ್ ಬಂದರೆ ‘ಕಿರುಷ್ಣಕಿರಿ’!

ಊರಿನ ಹೆಸರಾದರೆ ನಕ್ಕು ಸುಮ್ಮನಾಗಬಹುದು. ಮನುಷ್ಯರ ಹೆಸರಿಗೆ ಹೀಗಾದರೆ?

ಲಗ್ನಪತ್ರಿಕೆ ಫ್ರೆಂಚ್ ಆದ ಕಥೆ

2004ರ ಮಾತು. ಧರ್ಮಪುರಿಯಿಂದ ಬೇರೆಯಾಗಿ ಕೃಷ್ಣಗಿರಿ ಜಿಲ್ಲೆ ಹುಟ್ಟಿದ ವರ್ಷವೇ ನಮ್ಮ ಮನೆಯಲ್ಲೂ ಒಂದು ಮದುವೆ. ಲಗ್ನಪತ್ರಿಕೆ ಕನ್ನಡದಲ್ಲೇ ಆಗಬೇಕೆಂದು ಅಮ್ಮನ ಹಟ. ಹೊಸೂರಿನ ಒಂದು ಡಿಟಿಪಿ ಅಂಗಡಿಯಲ್ಲಿ ಕನ್ನಡ ಫಾಂಟ್ ಇದೆ ಎಂದು ತಿಳಿದು ಹೋದೆ. ಟೈಪ್ ಮಾಡುವ ಹುಡುಗ ತಮಿಳು ಮನೆಮಾತಿನವನು, ಕನ್ನಡ ಮಾತನಾಡುತ್ತಾನೆ, ಓದುವುದು ಅಷ್ಟಕ್ಕಷ್ಟೆ. ನಾನು ಒಂದೊಂದೇ ಅಕ್ಷರ ಹೇಳುತ್ತಾ ಹೋದೆ. ‘ಳ’ ಬಂದಾಗ ಆತ ತಡವರಿಸಲೇ ಇಲ್ಲ, ಅವನ ಭಾಷೆಯಲ್ಲೂ ಅದು ಉಂಟಲ್ಲ! ತಡವರಿಸಿದ್ದು ಬೇರೆ ಕಡೆ.

‘ಅಣ್ಣಾ, ಶುಭಕ್ಕೆ ಯಾವ ಬ? ಹೊಟ್ಟೆ ಸೀಳಿರೋದಾ, ಸಾದಾದಾ?’ ಎಂದು ಕೇಳಿದ.

‘ಸೀಳಿರೋದೇ ಹಾಕಪ್ಪಾ, ಸಾದಾ ಬ ಹಾಕಿದ್ರೆ ನಮ್ಮಮ್ಮ ಪತ್ರಿಕೇನೇ ವಾಪಸ್ ಕಳಿಸ್ತಾರೆ’ ಎಂದೆ.

ಅಂತೂ ತಿದ್ದಿ ತೀಡಿ ಮುಗಿಸಿದೆವು. ಒಂದು ಪ್ರತಿಯನ್ನು ಬೆಂಗಳೂರಿನ ಸೋದರಮಾವನಿಗೆ ಇ-ಮೇಲ್ ಮಾಡಿದೆ. ಸಂಜೆ ಅವರ ಫೋನ್. ‘ಏನೋ ಇದು, ಯಾವ ಭಾಷೇಲಿ ಕಳ್ಸಿದೀಯಾ? ಹೆಣ್ಣು ಫ್ರಾನ್ಸ್ ಕಡೆಯೋಳಾ?’

ಮಾವನ ಪರದೆಯ ಮೇಲೆ ತಲೆಯ ಮೇಲೆ ಗೀರು, ಚುಕ್ಕೆ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆಯೇ ನೆರೆದಿತ್ತು. ಆಗ ನಮಗಿಬ್ಬರಿಗೂ ಅದರ ಗುಟ್ಟು ತಿಳಿಯಲಿಲ್ಲ. ಹೊಸೂರಿನಿಂದ ಬಸ್ಸಿನ ಡ್ರೈವರ್ ಕೈಯಲ್ಲಿ ಅಚ್ಚಾದ ಪತ್ರಿಕೆಯ ಕಟ್ಟನ್ನೇ ಕಳಿಸಿದ್ದಾಯಿತು.

ಗುಟ್ಟು ಇಷ್ಟೇ. ಆ ಕಾಲದ ಕನ್ನಡ ಫಾಂಟ್‌ಗಳಿಗೆ ಕಂಪ್ಯೂಟರ್‌ನಲ್ಲಿ ಸ್ವಂತ ಮನೆ ಇರಲಿಲ್ಲ, ಬಾಡಿಗೆ ಮನೆಯಲ್ಲಿದ್ದವು. ಒಂದು ಫಾಂಟ್‌ನಲ್ಲಿ ಒಟ್ಟು 256 ಮನೆಗಳು. ಮೊದಲ 128ರಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳು. ಉಳಿದ ಅರ್ಧದಲ್ಲಿ ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಮುಂತಾದ ಯುರೋಪಿನ ಭಾಷೆಗಳಿಗೆ ಬೇಕಾದ ಗೀರು-ಚುಕ್ಕೆಯ ಅಕ್ಷರಗಳು. ನಮ್ಮವರು ಆ ಅಕ್ಷರಗಳ ಚಿತ್ರ ಅಳಿಸಿ ಅಲ್ಲಿ ತಲೆಕಟ್ಟು, ಕೊಂಬು, ಒತ್ತು ಬರೆದರು. ಜಾಗ ಸಾಲದೆ ಇಂಗ್ಲಿಷ್ ಅಕ್ಷರಗಳ ಮನೆಗೂ ನುಗ್ಗಿದರು. ಅದೇ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಎಲ್ಲವೂ ಅಚ್ಚ ಕನ್ನಡ. ಫಾಂಟ್ ಇಲ್ಲದ ಕಡೆ ಹೋದರೆ ಮೂಲ ಮನೆಯವರು ಹೊರಗೆ ಬರುತ್ತಾರೆ!

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿ ‘ಕನ್ನಡ’ ಎಂದು ಬರೆದು ಫಾಂಟ್ ತೆಗೆದು ನೋಡಿ. ಮೊದಲು ಇಂಗ್ಲಿಷಿನ ಪಿ, ಆಮೇಲೆ ನೆತ್ತಿಯ ಮೇಲೆ ಗೀರಿರುವ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೊಂದು ಗೀರಿನ ಎ, ಜರ್ಮನ್ನರ ಜೋಡಿ ಎಸ್, ಕೊನೆಗೆ ಕ್ಯೂ ಮತ್ತು ಇನ್ನೊಂದು ಗೀರಿನ ಎ. ಕನ್ನಡದ ತಲೆಕಟ್ಟು ವಾಸವಾಗಿದ್ದದ್ದು ಆ ಗೀರಿನ ಎ ಮನೆಯಲ್ಲಿ. ಹಾಗಾಗಿ ಕೆಟ್ಟುಹೋದ ಕನ್ನಡ ಕಡತದ ತುಂಬ ಅದೇ ಅದೇ ಅಕ್ಷರ ಕಾಣುತ್ತದೆ. ಅಂದ ಹಾಗೆ ನಮ್ಮ ‘ಳ’ ಎಲ್ಲಿತ್ತು ಗೊತ್ತೆ? ಒಂದರ ಕೆಳಗೆ ನಾಲ್ಕು ಬರೆಯುವ ‘ಕಾಲು’ ಚಿಹ್ನೆಯ ಮನೆಯಲ್ಲಿ! ಗುಮ್ಮಳಾಪುರದ ‘ಪ’ ಇದ್ದದ್ದು ಜಪಾನಿನ ಯೆನ್ ನಾಣ್ಯದ ಗುರುತಿನ ಮನೆಯಲ್ಲಿ.

ಇದನ್ನು ಕಂಡು ಆ ತಂತ್ರಾಂಶ ಮಾಡಿದವರನ್ನು ಹಳಿಯುವುದು ಸಲ್ಲ. ಶೇಷಾದ್ರಿವಾಸು ಅವರು 1998ರಲ್ಲಿ ಬರಹ ಬಿಡುಗಡೆ ಮಾಡದಿದ್ದರೆ, ಕನ್ನಡ ಗಣಕ ಪರಿಷತ್ತು ನುಡಿ ತರದಿದ್ದರೆ ಗಡಿನಾಡಿನ ಎಷ್ಟೋ ಲಗ್ನಪತ್ರಿಕೆ, ಭಜನೆ ಪುಸ್ತಕ, ಜಾತ್ರೆ ಕರಪತ್ರಗಳು ಕನ್ನಡದಲ್ಲಿ ಅಚ್ಚಾಗುತ್ತಲೇ ಇರಲಿಲ್ಲ. ಇದ್ದ ಜಾಗದಲ್ಲೇ ಬದುಕು ಕಟ್ಟಿಕೊಂಡರು, ಅಷ್ಟೆ.

ಪಕ್ಕಪಕ್ಕದ ಮನೆ

ಸ್ವಂತ ಮನೆ ಸಿಕ್ಕಿದ್ದು ಯುನಿಕೋಡ್‌ನಿಂದ. ಪ್ರಪಂಚದ ಪ್ರತಿಯೊಂದು ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡುವ ಈ ವ್ಯವಸ್ಥೆ ಬಂದಿದ್ದು 1991ರಲ್ಲಿ. ಅದರಲ್ಲಿ ತಮಿಳಿಗೆ 128 ಮನೆಗಳ ಒಂದು ಬೀದಿ, ಪಕ್ಕದ ಬೀದಿ ತೆಲುಗಿಗೆ, ಅದರ ಪಕ್ಕದ್ದು ಕನ್ನಡಕ್ಕೆ. ತಮಿಳು, ತೆಲುಗು, ಕನ್ನಡ... ಹೊಸೂರು ಸಂತೆಯಲ್ಲಿ ನಿಂತಂತೆಯೇ ಇಲ್ಲವೆ? ಇನ್ನೂ ವಿಶೇಷವೆಂದರೆ ಮೂರೂ ಬೀದಿಗಳಲ್ಲಿ ಅಕ್ಷರಗಳನ್ನು ಒಂದೇ ಕ್ರಮದಲ್ಲಿ ಕೂರಿಸಲಾಗಿದೆ. ತಮಿಳಿನ ‘ಳ’ ಅದರ ಬೀದಿಯಲ್ಲಿ ಎಷ್ಟನೇ ಮನೆಯೋ ಕನ್ನಡದ ‘ಳ’ ಕೂಡ ತನ್ನ ಬೀದಿಯಲ್ಲಿ ಅಷ್ಟನೇ ಮನೆ.

ಆದರೆ ಮನೆ ಮಂಜೂರಾದ ಮಾತ್ರಕ್ಕೆ ಬೀಗದ ಕೈ ಸಿಗಲಿಲ್ಲ. ಮೈಕ್ರೋಸಾಫ್ಟ್‌ನ ವಿಂಡೋಸ್ 2000ದಲ್ಲಿ ಹಿಂದಿ, ತಮಿಳು ಬಂದವು. ಕನ್ನಡಕ್ಕೆ 2001ರ ವಿಂಡೋಸ್ ಎಕ್ಸ್‌ಪಿವರೆಗೆ ಕಾಯಬೇಕಾಯಿತು. ‘ತುಂಗಾ’ ಎಂಬ ಕನ್ನಡ ಫಾಂಟ್ ಬಂದದ್ದು ಅದರಲ್ಲೇ. ಅದಾದ ಮೇಲೂ ನಮ್ಮ ಕಡೆಯ ಅಂಗಡಿಗಳಲ್ಲಿ ವರ್ಷಗಟ್ಟಲೆ ಹಳೆಯ ಫಾಂಟೇ ನಡೆಯಿತು ಅನ್ನಿ.

ಈ ಬೀದಿಯಲ್ಲಿ ಒಂದು ಹಳೆಯ ಮನೆಯೂ ಇದೆ. ‘ತಮಿಳು’ ಎಂಬ ಹೆಸರಿನ ಕೊನೆಗೆ ತಮಿಳರು ಬರೆಯುವುದು ‘ಳ’ ಅಲ್ಲ, ನಾಲಿಗೆಯನ್ನು ಇನ್ನೂ ಹಿಂದಕ್ಕೆ ಎಳೆದು ಹೇಳುವ ಬೇರೊಂದು ಅಕ್ಷರ. ಇಲ್ಲಿನ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಅದು ಪರಿಚಯವಾಗುತ್ತದೆ. ಹಳಗನ್ನಡದಲ್ಲಿ ಅದು ನಮ್ಮಲ್ಲೂ ಇತ್ತು: ‘ೞ’. ಈಗ ‘ಏಳು’ ಎನ್ನುವ ಸಂಖ್ಯೆಯನ್ನು ಆಗ ‘ಏೞು’ ಎಂದು ಬರೆಯುತ್ತಿದ್ದರು. ಯುನಿಕೋಡ್‌ನಲ್ಲಿ ಈ ಅಕ್ಷರಕ್ಕೂ ಮನೆ ಕೊಟ್ಟರು, ಆದರೆ ಬಾಗಿಲ ಮೇಲಿನ ಹೆಸರು ತಪ್ಪಾಗಿ ‘ಫ’ ಎಂದು ಬರೆದುಬಿಟ್ಟರು! ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ಕಟ್ಟುನಿಟ್ಟಿನ ನಿಯಮ. ಹಾಗಾಗಿ ಸರಿಯಾದ ಹೆಸರನ್ನು ಪಕ್ಕದಲ್ಲಿ ಅಡ್ಡಹೆಸರಿನಂತೆ ಸೇರಿಸಲಾಗಿದೆ. ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾಗಿ ಅಲೆದವರು ಇದನ್ನು ಕೇಳಿ ಸಮಾಧಾನ ಪಟ್ಟುಕೊಳ್ಳಬಹುದು.

ಹತ್ತು ಕೀಲಿ, ಒಂದು ಶಿಫ್ಟ್

ಈಗ ಅಸಲು ವಿಷಯಕ್ಕೆ ಬರೋಣ. ಗುಮ್ಮಳಾಪುರ ಎಂದು ಟೈಪ್ ಮಾಡುವುದು ಹೇಗೆ?

ನುಡಿಯ ಕೀಲಿಮಣೆ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ್ದು. ಟೈಪ್‌ರೈಟರ್ ಕಾಲದಲ್ಲಿ ಅಕ್ಷರ ಕಾಣುವ ಹಾಗೆ ತುಂಡು ತುಂಡಾಗಿ ಜೋಡಿಸಬೇಕಿತ್ತು. ರಾವ್ ಅವರ ದಾರಿ ಬೇರೆ: ಬಾಯಲ್ಲಿ ಹೇಳುವ ಕ್ರಮದಲ್ಲೇ ಒತ್ತುತ್ತಾ ಹೋಗಿ, ಒತ್ತು-ಕೊಂಬುಗಳನ್ನು ಕಂಪ್ಯೂಟರ್ ಜೋಡಿಸಿಕೊಳ್ಳುತ್ತದೆ. ಇದರಲ್ಲಿ ‘ಗು’ವಿಗೆ ಜಿ ಮತ್ತು ಯು. ‘ಮ್ಮ’ಕ್ಕೆ ಎಂ, ಎಫ್, ಎಂ. ನಡುವಿನ ಎಫ್ ಎಂದರೆ ಒತ್ತು ಕೂಡಿಸುವ ಕೀಲಿ. ‘ಳಾ’ಗೆ ಶಿಫ್ಟ್ ಹಿಡಿದು ಎಲ್, ಶಿಫ್ಟ್ ಹಿಡಿದು ಎ. ‘ಪು’ವಿಗೆ ಪಿ, ಯು. ‘ರ’ಕ್ಕೆ ಆರ್. ಒಟ್ಟು ಹತ್ತು ಕೀಲಿ, ಅಷ್ಟೇ.

ಬರಹದಲ್ಲಿ ಇಂಗ್ಲಿಷ್ ಕಾಗುಣಿತದಂತೆ ಬರೆಯುತ್ತಾ ಹೋಗಬಹುದು, ಅಲ್ಲೂ ‘ಳ’ ಬೇಕಾದರೆ ದೊಡ್ಡ ಎಲ್. ಕೇಂದ್ರ ಸರಕಾರದ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಶಿಫ್ಟ್ ಹಿಡಿದು ಎನ್. ಮೂರರಲ್ಲೂ ‘ಲ’ ಕೆಳಗೆ, ‘ಳ’ ಅಟ್ಟದ ಮೇಲೆ! ಅವಸರದಲ್ಲಿ ಶಿಫ್ಟ್ ಮರೆತರೆ ಬಾಳಪ್ಪ ‘ಬಾಲಪ್ಪ’ ಆಗುತ್ತಾನೆ, ನುಡಿ, ಬರಹಗಳಲ್ಲಿ ಬಾಣ ‘ಬಾನ’ ಆಗುತ್ತದೆ. ತಮಿಳಿನಲ್ಲಿ ಈ ಕಷ್ಟವಿಲ್ಲ. 1999ರಲ್ಲಿ ಅಲ್ಲಿ ಒಪ್ಪಿಕೊಂಡ ‘ತಮಿಳ್ 99’ ವಿನ್ಯಾಸದಲ್ಲಿ ವೈ ಕೀಲಿ ಒತ್ತಿದರೆ ನೇರ ‘ಳ’. ಹನ್ನೆರಡು ಸ್ವರ, ಹದಿನೆಂಟು ವ್ಯಂಜನ ಇದ್ದರೆ ಎಲ್ಲರಿಗೂ ನೆಲಮಾಳಿಗೆಯಲ್ಲೇ ಜಾಗ ಸಿಗುತ್ತದೆ. ನಮ್ಮದು ದೊಡ್ಡ ಸಂಸಾರ, ಮಹಾಪ್ರಾಣಗಳೆಲ್ಲ ಅಟ್ಟ ಹತ್ತಬೇಕು.

ಎರಡೂ ಭಾಷೆ ಕಲಿಯುವ ಮಕ್ಕಳಿಗೆ ಒಂದು ಸಂತೋಷದ ಸುದ್ದಿಯಿದೆ. ತಮಿಳ್ 99ರಲ್ಲಿ ಅಕ್ಷರದ ಮೇಲೆ ಚುಕ್ಕೆ ಇಡುವ ‘ಪುಳ್ಳಿ’ಗೆ ಯಾವ ಕೀಲಿ ಗೊತ್ತೆ? ಅದೇ ಎಫ್! ಕನ್ನಡದಲ್ಲಿ ಒತ್ತು ಕೂಡಿಸುವ ಕೀಲಿಯೂ ಅದೇ. ಎಡಗೈ ತೋರುಬೆರಳು ಕೂರುವ, ಮುಟ್ಟಿದರೆ ಸಣ್ಣ ಉಬ್ಬು ತಾಕುವ ಆ ಕೀಲಿಯಲ್ಲಿ ಎರಡೂ ಭಾಷೆ ಒಂದಾಗಿವೆ.

ಇನ್ನು ಕಣ್ಣಿಗೇ ಕಾಣದ ಅಕ್ಷರವೊಂದಿದೆ ಎಂದರೆ ನಂಬುತ್ತೀರಾ? ತಾಳವಾಡಿ ಸೀಮೆಯ ಗಾಜನೂರಿನ, ನಮ್ಮಂತೆ ಗಡಿಯವರೇ ಆದ ಡಾ. ರಾಜ್‌ಕುಮಾರ್ ಅವರ ಹೆಸರು ಬರೆದು ನೋಡಿ. ಸುಮ್ಮನೆ ಒತ್ತುತ್ತಾ ಹೋದರೆ ‘ರಾಜ್ಕುಮಾರ್’ ಎಂದು ‘ಜ’ಕ್ಕೆ ‘ಕ’ ಒತ್ತು ಬಂದು ಜೋತು ಬೀಳುತ್ತದೆ. ಎರಡರ ನಡುವೆ ‘ಕೂಡಬೇಡಿ’ ಎಂದು ಹೇಳುವ, ಅಗಲವೇ ಇಲ್ಲದ ಒಂದು ಚಿಹ್ನೆ ಹಾಕಬೇಕು. ವಿಂಡೋಸ್‌ನ ಇನ್‌ಸ್ಕ್ರಿಪ್ಟ್‌ನಲ್ಲಿ ಕಂಟ್ರೋಲ್, ಶಿಫ್ಟ್ ಎರಡನ್ನೂ ಹಿಡಿದು 2 ಒತ್ತಿದರೆ ಅದು ಬರುತ್ತದೆ. ಅದರ ಅಣ್ಣ 1ರಲ್ಲಿದ್ದಾನೆ, ‘ರ‍್ಯಾಂಕ್’ ಎಂಬ ಪದದಲ್ಲಿ ‘ರ’ ಅರ್ಕಾವೊತ್ತಾಗಿ ಹಿಂದೆ ಓಡದಂತೆ ಹಿಡಿದು ನಿಲ್ಲಿಸುವವನು ಅವನೇ.

ಇಂಗ್ಲಿಷಿನಲ್ಲೇ ಬರೆದರೂ ‘ಳ’ ಉಳಿಸಲು ದಾರಿಯಿಲ್ಲವೆ? ಇದೆ. ವಿದ್ವಾಂಸರು ಎಲ್ ಕೆಳಗೆ ಒಂದು ಚುಕ್ಕೆ ಇಟ್ಟು ‘ಳ’ ಎಂದೂ, ಎ ಮೇಲೆ ಅಡ್ಡಗೆರೆ ಎಳೆದು ‘ಆ’ ಎಂದೂ ಗುರುತಿಸುತ್ತಾರೆ. 2001ರಲ್ಲಿ ಇದಕ್ಕೊಂದು ಅಂತರರಾಷ್ಟ್ರೀಯ ಮಾನದಂಡವೂ ಬಂತು. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ 1, ಇ, 3, 7 ಎಂದು ಇಂಗ್ಲಿಷಿನಲ್ಲಿ ಬರೆದು ಆಲ್ಟ್ ಹಿಡಿದು ಎಕ್ಸ್ ಒತ್ತಿದರೆ ಚುಕ್ಕೆಯ ಎಲ್ ಪ್ರತ್ಯಕ್ಷ. 0101 ಬರೆದು ಹಾಗೇ ಮಾಡಿದರೆ ಗೆರೆಯ ಎ. ಮೊಬೈಲ್‌ನಲ್ಲಿ ಎ ಒತ್ತಿ ಹಿಡಿದರೂ ಗೆರೆಯ ಎ ಸಿಗುತ್ತದೆ. ವಂಶಾವಳಿ ಬರೆಯುವವರಿಗೆ, ಹೊರದೇಶದಲ್ಲಿ ಹುಟ್ಟಿ ಕನ್ನಡ ಓದಲು ಬಾರದ ಮೊಮ್ಮಕ್ಕಳಿಗೆ ಊರಿನ ಹೆಸರು ಹೇಳಿಸಲು ಇದು ಒಳ್ಳೆಯದು. ಸರ್ಕಾರಿ ಅರ್ಜಿಯಲ್ಲಿ ಮಾತ್ರ ಬೇಡ. ಅಲ್ಲಿ ಸಾದಾ 26 ಅಕ್ಷರಗಳಲ್ಲೇ ಬರೆಯುವುದು ಕ್ಷೇಮ.

ಕಾಳಪ್ಪ ಯಾರು, ಕಲ್ಲಪ್ಪ ಯಾರು?

ಗಡಿನಾಡಿನ ಮನೆಗಳಲ್ಲಿ ಒಬ್ಬ ಮನುಷ್ಯನ ಹೆಸರು ಮೂರು ಲಿಪಿಗಳಲ್ಲಿ ಓಡಾಡುತ್ತದೆ. ಕಾಳಪ್ಪ ಎಂದೇ ಇಟ್ಟುಕೊಳ್ಳಿ. ಕನ್ನಡ ಶಾಲೆಯ ಹಳೆಯ ದಾಖಲೆಯಲ್ಲಿ ಆತ ಕಾಳಪ್ಪ. ರೇಷನ್ ಕಾರ್ಡಿನಲ್ಲಿ ತಮಿಳು, ಆಧಾರ್‌ನಲ್ಲಿ ತಮಿಳು ಮತ್ತು ಇಂಗ್ಲಿಷ್. ಮಗಳನ್ನು ಆನೇಕಲ್‌ಗೆ ಕೊಟ್ಟಿದ್ದಾರೆ, ಅಲ್ಲಿ ಒಂದು ತುಂಡು ಜಮೀನು. ಕರ್ನಾಟಕದ ಕಡೆ ಕಾಗದ ಮಾಡಿಸುವಾಗ ಇಂಗ್ಲಿಷ್ ಹೆಸರು ನೋಡಿ ಕನ್ನಡಕ್ಕೆ ಟೈಪ್ ಮಾಡುತ್ತಾರೆ. ಇಂಗ್ಲಿಷಿನ ಅದೇ ಅಕ್ಷರಗಳನ್ನು ಕಾಳಪ್ಪ ಎಂದು ಓದಬಹುದು, ಕಾಲಪ್ಪ ಎನ್ನಬಹುದು, ಕಲ್ಲಪ್ಪ ಎಂದೂ ಊಹಿಸಬಹುದು. ಒಮ್ಮೆ ಕಲ್ಲಪ್ಪ ಎಂದು ಅಚ್ಚಾದರೆ ಮುಗಿಯಿತು. ‘ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ತನ್ನಿ’ ಎನ್ನುವ ಮಾತು ಬರುತ್ತದೆ.

ನಮ್ಮ ದೊಡ್ಡಪ್ಪನಿಗೂ ಇಂಥದ್ದೇ ಆಯಿತು. ಯಾವ ಕಚೇರಿ ಎಂಬುದು ಈಗ ಬೇಡ. ಒಂದು ‘ಳ’ ಸಲುವಾಗಿ ಮೂರು ಸಲ ಬಸ್ಸು ಹತ್ತಿದರು, ಒಂದು ದಿನದ ಹುರುಳಿ ಕಟಾವು ಕೆಟ್ಟಿತು. ಅವರು ಸಿಟ್ಟಾಗಿದ್ದು ಖರ್ಚಿಗಲ್ಲ. ‘ನಮ್ಮಪ್ಪ ಇಟ್ಟ ಹೆಸ್ರು ಇವ್ರ್ ಮಿಸನ್ನಿಗೆ ಗೊತ್ತಿಲ್ಲ ಅಂದ್ರೆ ನಾನ್ಯಾಕಲಾ ಬೇರೆಯೋನಾಗ್ಲಿ?’ ಎಂಬುದು ಅವರ ಪ್ರಶ್ನೆ.

ತಮಿಳಿನ ದಾರಿಯಲ್ಲಿ ಬಂದರೂ ಅಷ್ಟೆ. ಯಂತ್ರ ಅಕ್ಷರಕ್ಕೆ ಅಕ್ಷರ ಇಟ್ಟುಕೊಂಡು ಹೋದರೆ ಗೌರಮ್ಮ ‘ಕೌರಮ್ಮಾ’ ಆಗುತ್ತಾರೆ, ಬಸವ ‘ಪಸವ’ ಆಗುತ್ತಾನೆ, ಭಾಗ್ಯ ‘ಪಾಕ್ಕಿಯಾ’ ಆಗುತ್ತಾಳೆ. ತಮಿಳಿನ ಕಾಗದದಲ್ಲಿ ಇದು ತಪ್ಪೇನಲ್ಲ, ಆ ಲಿಪಿಯ ರೀತಿಯೇ ಹಾಗೆ. ಅದನ್ನು ನೋಡಿಕೊಂಡು ಕನ್ನಡಕ್ಕೆ ಇಳಿಸುವಾಗ ಮಾತ್ರ ಎಡವಟ್ಟಾಗುತ್ತದೆ.

ಹಾಗಾಗಿ ಇ-ಸೇವೈ ಕೇಂದ್ರಕ್ಕೋ ಆಚೆ ಕಡೆಯ ನಾಡಕಚೇರಿಗೋ ಹೋಗುವವರು ಮನೆಮಂದಿಯ ಹೆಸರನ್ನು ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ ಒಂದು ಹಾಳೆಯಲ್ಲಿ ಬರೆದು ಇಟ್ಟುಕೊಂಡರೆ ಒಳ್ಳೆಯದು. ಇಂಗ್ಲಿಷ್ ಕಾಗುಣಿತ ಎಲ್ಲ ದಾಖಲೆಗಳಲ್ಲೂ ಒಂದೇ ಇರಲಿ. ಒಂದು ಕಡೆ ಒಂದು ಎಲ್, ಇನ್ನೊಂದು ಕಡೆ ಎರಡು ಎಲ್ ಬೇಡ. ಬಾಯಲ್ಲಿ ಹೇಳಿದರೆ ಸಾಲದು, ಹಾಳೆಯನ್ನೇ ಟೈಪ್ ಮಾಡುವವರ ಮುಂದಿಡಿ. ಆಧಾರ್ ಮಾಡಿಸುವಾಗ ಅಥವಾ ತಿದ್ದಿಸುವಾಗ ಪರದೆಯನ್ನು ನಿಮ್ಮ ಕಡೆ ತಿರುಗಿಸಿ ತೋರಿಸಲು ಕೇಳಿ. ನೋಡಿ ಒಪ್ಪುವ ಹಕ್ಕು ನಿಮಗಿದೆ. ಕನ್ನಡ ಓದಲು ಬಾರದ ಹಿರಿಯರ ಜೊತೆ ಓದಿದ ಮಕ್ಕಳು ಹೋಗಲಿ.

ಮೊಬೈಲ್ ಇರುವವರಿಗೆ ಕೆಲಸ ಇನ್ನೂ ಸುಲಭ. ಇಂಗ್ಲಿಷಿನಲ್ಲಿ ಬರೆದು ಕನ್ನಡ ಮಾಡಿಸುವ ಕೀಲಿಮಣೆ ಬಳಸಿದರೆ ಅದು ಮೊದಲು ‘ಲ’ವನ್ನೇ ಮುಂದಿಡುವ ಸಂಭವ ಹೆಚ್ಚು, ಕೊಟ್ಟಿದ್ದನ್ನು ಹಾಗೇ ಒಪ್ಪಿಕೊಳ್ಳಬೇಡಿ. ಕನ್ನಡ ಅಕ್ಷರಗಳನ್ನೇ ತೋರಿಸುವ ಕೀಲಿಮಣೆ ಹಾಕಿಕೊಂಡರೆ ಊಹೆಯ ಗೊಡವೆಯೇ ಇಲ್ಲ, ಯಾವ ಅಕ್ಷರ ಮುಟ್ಟುತ್ತೀರೋ ಅದೇ ಬರುತ್ತದೆ.

ಅಂದ ಹಾಗೆ, 2004ರ ಆ ಲಗ್ನಪತ್ರಿಕೆಯ ಕಡತ ಈಚೆಗೆ ಹಳೆಯ ಸಿ.ಡಿ.ಯೊಂದರಲ್ಲಿ ಸಿಕ್ಕಿತು. ತೆರೆದರೆ ಅದೇ ಗೀರಿನ ಎ, ಅದೇ ಪೌಂಡ್, ಅದೇ ಯೆನ್. ನುಡಿ, ಬರಹ ಎರಡರಲ್ಲೂ ಹಳೆಯ ಬರವಣಿಗೆಯನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕವಿದೆ. ಹಾಕಿ ನೋಡಿದೆ. ಅರೆ ನಿಮಿಷದಲ್ಲಿ ಫ್ರೆಂಚ್ ಹೋಗಿ ಕನ್ನಡ ಬಂತು. ಮಾವನಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದೆ. ‘ಈಗ ಬಂತು ನೋಡು’ ಎಂದು ಉತ್ತರ ಬರೆದರು. ಕೆಳಗೆ ಇನ್ನೊಂದು ಸಾಲು: ‘ಎಲ್ಲಾ ಸರಿ ಕಣೋ, ವರನ ತಾತನ ಹೆಸ್ರಲ್ಲಿ ಳ ಬದ್ಲು ಲ ಐತಲ್ಲೋ!’

ನೋಡಿದೆ. ಹೌದು, ಇತ್ತು. ಅಚ್ಚಾದ ಪತ್ರಿಕೆಯಲ್ಲೂ ಹಾಗೇ ಇದೆ. ಆ ದಿನ ಅಕ್ಷರ ಹೇಳಿಕೊಟ್ಟವನು ನಾನೇ.